ಊರಿನ ಮುಂದಿನ ಇಪ್ಪತ್ತು ವರ್ಷ: ಯಾವ ಪ್ರಶ್ನೆಗೆ ಯಾವ ವಿಧಾನ?

2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನ ಇದ್ದರು. 2011ರಲ್ಲಿ 11,37,961. ಅದೇ ಹತ್ತು ವರ್ಷದಲ್ಲಿ ಇಡೀ ರಾಜ್ಯದ ಜನಸಂಖ್ಯೆ ಶೇಕಡ 15ಕ್ಕಿಂತ ಜಾಸ್ತಿ ಬೆಳೆದಿತ್ತು. ನಮ್ಮಲ್ಲಿ ಮಾತ್ರ ಸುಮಾರು ಮೂರು ಸಾವಿರ ತಲೆ ಕಡಿಮೆಯಾಯಿತು. ಪಕ್ಕದ ಹಾಸನ ಬೆಳೆಯಿತು, ಅದೂ ಶೇಕಡ ಮೂರರ ಆಸುಪಾಸು ಅಷ್ಟೇ. ಮಕ್ಕಳು ಓದೋಕೆ ಹೋದರು, ಕೆಲಸಕ್ಕೆ ಹೋದರು, ಮದುವೆಯಾಗಿ ಹೋದರು. ಹುಟ್ಟುವವರೂ ಕಡಿಮೆಯಾದರು.

ಇದೇನೂ ಯಾರಿಗೂ ಗೊತ್ತಿಲ್ಲದ ಸುದ್ದಿಯಲ್ಲ. ಮೂಡಿಗೆರೆ, ಸಕಲೇಶಪುರದ ಕಡೆ ಯಾವ ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ಇದೇ ಮಾತು. "ಇನ್ನು ಇಪ್ಪತ್ತು ವರ್ಷಕ್ಕೆ ಊರಲ್ಲಿ ಯಾರಿರ್ತಾರೆ ಮಾರಾಯ್ರೆ?" ಅಷ್ಟರಲ್ಲಿ ಪಾಯಸ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಈ ಥರದ ಪ್ರಶ್ನೆ ಇಟ್ಟುಕೊಂಡೇ ಕೆಲಸ ಮಾಡುವ ಜನ ಇದ್ದಾರೆ. ಫ್ಯೂಚರಿಸ್ಟ್‌ಗಳು ಅನ್ನುತ್ತಾರೆ. ಭವಿಷ್ಯ ಅಂದ ಕೂಡಲೇ ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿ ಕೋಡಿಮಠದ ಯುಗಾದಿ ಭವಿಷ್ಯ ನೆನಪಾದರೆ ಅದು ಸಹಜ, ನಮ್ಮ ಸೀಮೆಯಲ್ಲಿ ಭವಿಷ್ಯ ಅಂದರೆ ಅದೇ. ಇವರ ಕಸುಬು ಬೇರೆ. ಇಂಥದ್ದೇ ಆಗುತ್ತದೆ ಅಂತ ಇವರು ಹೇಳುವುದಿಲ್ಲ. ಏನೇನು ಆಗಬಹುದು, ಅದರಲ್ಲಿ ನಮ್ಮ ಕೈಯಲ್ಲಿರುವುದೆಷ್ಟು, ಈಗಿಂದ ಏನು ಮಾಡಿಟ್ಟುಕೊಳ್ಳಬೇಕು ಅಂತ ಕೂತು ಲೆಕ್ಕ ಹಾಕುತ್ತಾರೆ. ಫಿನ್ಲೆಂಡಿನ ಸಂಸತ್ತಿನಲ್ಲಿ ಇದಕ್ಕೆಂದೇ 1993ರಿಂದ ಒಂದು ಸಮಿತಿಯಿದೆ. ವೇಲ್ಸ್ 2015ರಲ್ಲಿ ಮುಂದಿನ ಪೀಳಿಗೆಗಳ ಹಿತಕ್ಕಾಗಿ ಕಾನೂನನ್ನೇ ಮಾಡಿ, ಅದನ್ನು ನೋಡಿಕೊಳ್ಳಲು ಒಬ್ಬ ಕಮಿಷನರನ್ನೂ ಇಟ್ಟಿತು.

ಇವರ ಹತ್ತಿರ ವಿಧಾನಗಳು ಹತ್ತಾರಿವೆ. ಗ್ರಾಮ ಪಂಚಾಯ್ತಿಯವರು, ಬೆಳೆಗಾರರ ಸಂಘದವರು, ಸ್ತ್ರೀಶಕ್ತಿ ಸಂಘದವರು ತಾವೇ ಕೂತು ಮಾಡಬಹುದಾದ ಆರನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಪ್ರತಿಯೊಂದಕ್ಕೂ ನಾನು ಕೇಳುವುದು ಎರಡೇ ಪ್ರಶ್ನೆ. ಈ ವಿಷಯ ನಮ್ಮ ಕೈಯಲ್ಲಿದೆಯಾ? ಮಾತಾಡೋಕೆ ಯಾರು ಕೂತಿದ್ದಾರೆ? ಇವೆರಡಕ್ಕೆ ಉತ್ತರ ಸಿಕ್ಕರೆ ಯಾವ ವಿಧಾನ ಅನ್ನುವುದು ಹೆಚ್ಚುಕಡಿಮೆ ತಾನಾಗಿಯೇ ಗೊತ್ತಾಗುತ್ತದೆ.

ಗೆರೆ ಎಳೆಯುವುದು: ಅಗ್ಗ, ಆದರೆ ಎಲ್ಲದಕ್ಕೂ ಅಲ್ಲ

ಇಲ್ಲಿಯವರೆಗೆ ಹೇಗೆ ನಡೆದು ಬಂದಿದೆಯೋ ಮುಂದೆಯೂ ಹಾಗೇ ನಡೆಯುತ್ತದೆ ಅಂತ ಲೆಕ್ಕ ಹಾಕುವುದು. ನಾವೆಲ್ಲ ದಿನಾ ಮಾಡುವುದು ಇದನ್ನೇ.

ನಿಧಾನವಾಗಿ ಬದಲಾಗುವ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ವಿಧಾನ ಇಲ್ಲ. ಜನರ ವಯಸ್ಸು ಅಂಥದ್ದು. ಇವತ್ತು ಊರಲ್ಲಿರುವ 50 ವರ್ಷದವರು ಇನ್ನು 20 ವರ್ಷಕ್ಕೆ 70ರವರಾಗುತ್ತಾರೆ, ಅದಕ್ಕೆ ಯಾವ ಪಂಡಿತರೂ ಬೇಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೂ 2.1 ಬೇಕು. ಹಾಗಾಗಿ ಶಾಲೆಗೆ ಮಕ್ಕಳು ಯಾಕೆ ಕಡಿಮೆ ಅಂತ ಪ್ರತಿ ಜೂನ್‌ನಲ್ಲೂ ಎಸ್‌ಡಿಎಂಸಿ (ಶಾಲಾ ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಆಶ್ಚರ್ಯಪಡಬೇಕಾಗಿಲ್ಲ. ಅಂಗನವಾಡಿಯ ರಿಜಿಸ್ಟರ್ ತೆಗೆದು ನೋಡಿ. ಮೂರು ವರ್ಷದ ಮಕ್ಕಳ ಹೆಸರು ಅಲ್ಲೇ ಇರುತ್ತದೆ. ಅದರಲ್ಲಿ ಎಷ್ಟು ಹೆಸರು ಕಾನ್ವೆಂಟ್ ವ್ಯಾನ್ ಹತ್ತುತ್ತವೆ ಅನ್ನುವುದು ಅಂಗನವಾಡಿ ಟೀಚರಿಗೆ ಆಗಲೇ ಗೊತ್ತಿರುತ್ತದೆ. ಉಳಿದವರೇ ಇನ್ನು ಮೂರು ವರ್ಷಕ್ಕೆ ನಿಮ್ಮ ಒಂದನೇ ಕ್ಲಾಸು.

ಇದು ಕೈಕೊಡುವುದು ಆಟದ ನಿಯಮವೇ ಬದಲಾದಾಗ. ಕಾಫಿಯ ಕಥೆ ನೋಡಿ. ಎರಡನೇ ಮಹಾಯುದ್ಧದ ಕಾಲದಿಂದ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಕೊಡುತ್ತಿದ್ದರು, ಎಲ್ಲರದ್ದನ್ನೂ ಒಟ್ಟು ಸೇರಿಸಿ ಮಂಡಳಿಯೇ ಮಾರುತ್ತಿತ್ತು. ಎರಡು ತಲೆಮಾರು ಹಾಗೇ ಕಳೆಯಿತು. ಅದು ಬಿಟ್ಟು ಬೇರೆ ಥರ ಇರಬಹುದು ಅಂತ ಯಾರೂ ಗೆರೆ ಎಳೆದಿರಲಿಲ್ಲ. 1989ರಲ್ಲಿ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕು ಅನ್ನುವ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದು ಬಿತ್ತು. 1992ರಿಂದ 1996ರ ಒಳಗೆ ಹಂತಹಂತವಾಗಿ ಇಲ್ಲಿನ ಪೂಲ್ ವ್ಯವಸ್ಥೆಯೂ ಹೋಯಿತು. ಮಧ್ಯದಲ್ಲಿ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಆಕಾಶಕ್ಕೆ ಹೋಯಿತು. ಆ ಬೆಲೆಯನ್ನೇ ಹಿಡಿದು ಗೆರೆ ಎಳೆದವರಿಗೆ 2001-02 ಬಂದಾಗ ಕೂಲಿ ಕೊಡುವುದೂ ಕಷ್ಟವಾಯಿತು, ಅಷ್ಟು ಬಿದ್ದಿತ್ತು. 2001ರ ಬೆಲೆಯನ್ನು ಹಿಡಿದು ಗೆರೆ ಎಳೆದಿದ್ದರೆ 2024-25ರ ದಾಖಲೆ ಬೆಲೆ ಆ ಗೆರೆಯ ಮೇಲೆ ಎಲ್ಲೂ ಇರುತ್ತಿರಲಿಲ್ಲ.

ಹಾಗಾದರೆ ತಿಳಿದವರನ್ನು ಕೇಳೋಣ ಅನ್ನಬಹುದು. ಫಿಲಿಪ್ ಟೆಟ್ಲಾಕ್ ಅನ್ನುವ ಮನಶ್ಶಾಸ್ತ್ರಜ್ಞ 1980ರ ದಶಕದಿಂದ ಶುರುಮಾಡಿ ಸುಮಾರು ಇಪ್ಪತ್ತು ವರ್ಷ 284 ಪರಿಣತರ ಊಹೆಗಳನ್ನು ಬರೆದಿಟ್ಟುಕೊಂಡು ತಾಳೆ ನೋಡಿದರು. ಸರಾಸರಿಯಲ್ಲಿ ಅವರು ಸುಮ್ನೆ ಚೀಟಿ ಎತ್ತಿದ್ದಕ್ಕಿಂತ ಹೆಚ್ಚೇನೂ ಮೇಲಿರಲಿಲ್ಲ. ಜಾಸ್ತಿ ಹೆಸರು ಮಾಡಿದವರು, ಮಾಧ್ಯಮದಲ್ಲಿ ಮಿಂಚುವವರು ಇನ್ನೂ ಹಿಂದಿದ್ದರು. ಸಂಜೆ ಟಿವಿ ಚರ್ಚೆ ನೋಡುವವರಿಗೆ ಇದೇನೂ ಹೊಸದಲ್ಲ, ಅಲ್ವಾ.

ಚೀಟಿ ಬರೆಸುವುದು: ಗೌಡ್ರು ಮೊದಲು ಮಾತಾಡುವ ಊರಿಗೆ

ಇದಕ್ಕೆ ಡೆಲ್ಫಿ ವಿಧಾನ ಅಂತ ಹೆಸರು. 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ನಾರ್ಮನ್ ಡಾಲ್ಕಿ, ಒಲಾಫ್ ಹೆಲ್ಮರ್ ಅನ್ನುವವರು ಸೈನ್ಯದ ಪ್ರಶ್ನೆಗಳಿಗೆ ಅಂತ ಕಟ್ಟಿದ್ದು. ನಮ್ಮ ಸಭೆಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಯಾಕೆಂದರೆ ನಮ್ಮಲ್ಲಿ ಸಭೆ ಅಂದರೆ ಏನು? ದೊಡ್ಡ ತೋಟದವರು ಮೊದಲು ಮಾತಾಡುತ್ತಾರೆ. ಆಮೇಲಿನವರೆಲ್ಲ "ಹೌದು, ಅಣ್ಣ ಹೇಳಿದ್ದು ಸರಿ" ಅನ್ನುತ್ತಾರೆ. ಹಿಂದೆ ಗೋಡೆಗೆ ಒರಗಿ ನಿಂತವರು ಏನೂ ಅನ್ನುವುದಿಲ್ಲ.

ಡೆಲ್ಫಿಯಲ್ಲಿ ಯಾರೂ ಎದುರುಬದುರು ಕೂರುವುದಿಲ್ಲ. ಹತ್ತು ಹನ್ನೆರಡು ಜನಕ್ಕೆ ಒಂದೇ ಪ್ರಶ್ನೆ ಕೊಡಿ. "ಅಸ್ಸಾಂ, ಜಾರ್ಖಂಡ್ ಕಡೆಯಿಂದ ತೋಟಕ್ಕೆ ಬರುವ ಜನ ಯಾವ ವರ್ಷದಿಂದ ಕಡಿಮೆಯಾಗಬಹುದು? ಯಾಕೆ?" ಪ್ರತಿಯೊಬ್ಬರೂ ಒಂದು ವರ್ಷ, ಒಂದು ಕಾರಣ ಬರೆದು ಒಬ್ಬರ ಕೈಗೆ ಕೊಡುತ್ತಾರೆ. ಆ ಒಬ್ಬರು ಹೆಸರು ತೆಗೆದು ಎಲ್ಲ ಉತ್ತರ, ಎಲ್ಲ ಕಾರಣ ಎಲ್ಲರಿಗೂ ತೋರಿಸುತ್ತಾರೆ. ಎರಡನೇ ಸುತ್ತಿನಲ್ಲಿ ಬೇಕಿದ್ದವರು ತಮ್ಮ ಉತ್ತರ ಬದಲಿಸಬಹುದು. ಮೂರನೇ ಸುತ್ತಿಗೆ ಸಾಮಾನ್ಯವಾಗಿ ಒಂದು ಹದಕ್ಕೆ ಬರುತ್ತದೆ. ವಾಟ್ಸಾಪಿನಲ್ಲೂ ಮಾಡಬಹುದು, ಆದರೆ ಗ್ರೂಪಿನಲ್ಲಿ ಬೇಡ. ಗ್ರೂಪಿಗೆ ಹಾಕಿದರೆ ಮತ್ತೆ ಅಣ್ಣ ಹೇಳಿದ್ದೇ ಸರಿ.

ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ ಇದು ನಿಂತಿದೆ. ಹನ್ನೆರಡೂ ಜನ ಬೆಳೆಗಾರರೇ ಆದರೆ ಒಬ್ಬರನ್ನು ಹನ್ನೆರಡು ಸಲ ಕೇಳಿದ ಹಾಗೆ. ನಾನಾದರೆ ಮೇಸ್ತ್ರಿ, ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್, ಆಶಾ ಕಾರ್ಯಕರ್ತೆ, ಬಸ್ ಕಂಡಕ್ಟರ್, ನ್ಯಾಯಬೆಲೆ ಅಂಗಡಿಯವರು, ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಇರುವ ಒಬ್ಬ ಹೆಂಗಸು, ಇಷ್ಟು ಜನರನ್ನು ಸೇರಿಸಿಯೇ ಸೇರಿಸುತ್ತೇನೆ. ಬರೆಯಲು ಬಾರದವರಿಗೆ ಇನ್ನೊಬ್ಬರು ಬರೆದುಕೊಟ್ಟರಾಯಿತು. ಎಲ್ಲರೂ ಒಂದೇ ಕಡೆ ಬಂದ ಮೇಲೂ ಒಬ್ಬರು ದೂರ ಉಳಿದಿದ್ದರೆ ಅವರ ಕಾರಣವನ್ನು ಎರಡು ಸಲ ಓದಿ. ವಿಷಯ ಬಹಳ ಸಲ ಅಲ್ಲೇ ಇರುತ್ತದೆ.

ಖರ್ಚು ಹೆಚ್ಚುಕಡಿಮೆ ಸೊನ್ನೆ, ಮೂರ್ನಾಲ್ಕು ವಾರ ಹಿಡಿಯುತ್ತದೆ. ವರ್ಷ, ಸಂಖ್ಯೆ, ಆಗುತ್ತಾ ಇಲ್ವಾ ಅನ್ನುವ ಪ್ರಶ್ನೆಗೆ ಚೆನ್ನಾಗಿ ಒದಗುತ್ತದೆ. "ಊರು ಹೇಗಿರಬೇಕು" ಅನ್ನುವ ಪ್ರಶ್ನೆಗೆ ಇದರಿಂದ ಉತ್ತರ ಸಿಗುವುದಿಲ್ಲ.

ನಾಲ್ಕು ಕಥೆ ಕಟ್ಟುವುದು: ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ

ಫ್ಯೂಚರಿಸ್ಟ್‌ಗಳ ಹೆಸರು ಕೇಳಿದವರಿಗೆ ಸಿನಾರಿಯೋ ಅನ್ನುವ ಮಾತೂ ಕಿವಿಗೆ ಬಿದ್ದಿರುತ್ತದೆ, ಅಂದರೆ ಮುಂದೆ ಹೀಗೂ ಆಗಬಹುದು ಅನ್ನುವ ಕಥೆ. 1950ರ ದಶಕದಲ್ಲಿ ಅದೇ ರ‍್ಯಾಂಡ್ ಸಂಸ್ಥೆಯ ಹರ್ಮನ್ ಕಾನ್ ಇದನ್ನು ಅಣುಯುದ್ಧದ ಯೋಚನೆಗೆ ಬಳಸಿದರು. ಆಮೇಲೆ ಶೆಲ್ ತೈಲ ಕಂಪನಿಯಲ್ಲಿ ಪಿಯರ್ ವ್ಯಾಕ್ ಮತ್ತು ಅವರ ಜೊತೆಯವರು ತೈಲ ಬೆಲೆಗೆ ಅದನ್ನೇ ಹಚ್ಚಿದರು. ಎಣ್ಣೆ ಅಗ್ಗವಾಗಿಯೇ ಇರುತ್ತದೆ ಅಂತ ಎಲ್ಲರೂ ಕೂತಿದ್ದ ಕಾಲದಲ್ಲಿ, ಅರಬ್ ದೇಶಗಳು ಕೈ ಬಿಗಿ ಮಾಡಿದರೆ ಏನು ಅನ್ನುವ ಕಥೆಯನ್ನೂ ಅವರು ಮ್ಯಾನೇಜರುಗಳ ಮುಂದೆ ಇಟ್ಟಿದ್ದರು. 1973ರ ಅಕ್ಟೋಬರ್‌ನಿಂದ ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಬೇರೆ ಕಂಪನಿಗಳಿಗಿಂತ ಶೆಲ್ ಬೇಗ ಸಾವರಿಸಿಕೊಂಡಿತು.

ನನಗೆ ಇದಕ್ಕಿಂತ ಇಷ್ಟವಾಗುವುದು ದಕ್ಷಿಣ ಆಫ್ರಿಕಾದ ಉದಾಹರಣೆ. 1991-92ರಲ್ಲಿ, ವರ್ಣಭೇದದ ಆಡಳಿತ ಮುಗಿಯುತ್ತಾ ಬಂದಾಗ, ಮಾಂಟ್ ಫ್ಲೂರ್ ಅನ್ನುವ ಜಾಗದಲ್ಲಿ 22 ಜನ ಸೇರಿದರು. ಹೋರಾಟಗಾರರು, ಉದ್ಯಮಿಗಳು, ಕಾರ್ಮಿಕ ಸಂಘದವರು, ಒಬ್ಬರ ಮುಖ ಒಬ್ಬರಿಗಾಗದವರು. ನಾಲ್ಕು ಕಥೆ ಕಟ್ಟಿ ಹಾರುವುದರ ಮೇಲೆ ಹೆಸರಿಟ್ಟರು. ಮರಳಲ್ಲಿ ತಲೆ ಹೂತ ಉಷ್ಟ್ರಪಕ್ಷಿ, ರೆಕ್ಕೆ ಮುರಿದ ಬಾತುಕೋಳಿ, ಸೂರ್ಯನ ಹತ್ತಿರ ಹಾರಿ ಬಿದ್ದ ಇಕಾರಸ್, ಒಟ್ಟಿಗೆ ನಿಧಾನವಾಗಿ ಮೇಲೇಳುವ ಫ್ಲೆಮಿಂಗೋಗಳು. ಈ ಹೆಸರುಗಳು ದೇಶದ ರಾಜಕೀಯದ ಮಾತಿನೊಳಗೆ ಸೇರಿಹೋದವು. ಎದುರಾಳಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸೋಕೆ ಈ ವಿಧಾನ ಆಗುತ್ತದೆ. ಮುಂದಿನದರ ಬಗ್ಗೆ ಮಾತಾಡುವಾಗ ಹಳೆಯ ಜಗಳ ಸ್ವಲ್ಪ ಹೊತ್ತು ಬದಿಗಿರುತ್ತದೆ.

ನಮ್ಮ ಕಡೆಯ ಒಂದು ಕಾಫಿ ಊರಿಗೆ ಇದನ್ನು ಹಚ್ಚಿ ನೋಡೋಣ. ಎರಡು ದೊಡ್ಡ ಅನುಮಾನ ತೆಗೆದುಕೊಳ್ಳಿ, ಎರಡೂ ನಮ್ಮ ಕೈಯಲ್ಲಿ ಇಲ್ಲದ್ದು. ಒಂದು, ಹೊರಗಿನ ಕಾರ್ಮಿಕರು ಬರುತ್ತಲೇ ಇರುತ್ತಾರಾ? ಇನ್ನೊಂದು, ಬೆಂಗಳೂರು ಸೇರಿದ ಊರಿನ ಮಕ್ಕಳು ವಾಪಸ್ ಬರುತ್ತಾರಾ? 2020ರ ಲಾಕ್‌ಡೌನಿನಲ್ಲಿ ಬಂದು ನೆಟ್‌ವರ್ಕಿಗೆ ಗುಡ್ಡ ಹತ್ತಿ ಕೂತಿದ್ದರಲ್ಲ, ಆ ಥರ ಅಲ್ಲ. ಉಳಿಯೋಕೆ ಬರುತ್ತಾರಾ? ಎರಡನ್ನೂ ಅಡ್ಡ ಉದ್ದ ಇಟ್ಟರೆ ನಾಲ್ಕು ಊರು ಸಿಗುತ್ತದೆ.

ಇಬ್ಬರೂ ಬಂದರೆ ತುಂಬಿದ ಊರು. ಇಬ್ಬರೂ ಬರದಿದ್ದರೆ ಬೀಗದ ಊರು. ಅಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವವರಿಲ್ಲ, ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ, ಲಂಟಾನ ನುಗ್ಗುತ್ತದೆ, ಅದರ ಹಿಂದೆ ಆನೆ. ಮಕ್ಕಳು ಬಂದು ಕಾರ್ಮಿಕರು ಬರದಿದ್ದರೆ ಮಿಷಿನ್ ಊರು. ತೋಟ ಸಣ್ಣದಾಗುತ್ತದೆ, ಕೈಯಲ್ಲಿ ಹಿಡಿಯುವ ಕೊಯ್ಲಿನ ಯಂತ್ರ, ಹೋಂಸ್ಟೇ, ಮನೆಯಲ್ಲೇ ಹುರಿದು ಮಾರುವ ಕಾಫಿಪುಡಿ.

ನಾಲ್ಕನೆಯದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಕಾರ್ಮಿಕರು ಬರುತ್ತಾರೆ, ಮಕ್ಕಳು ಬರುವುದಿಲ್ಲ. ಇದನ್ನು ರೈಟರ್ ಊರು ಅನ್ನೋಣ. 2045. ಯಜಮಾನರು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದಾರೆ, ತೋಟ ನೋಡಿಕೊಳ್ಳುವವರು ರೈಟರು. ಲೈನ್ ಮನೆಯಲ್ಲಿ ಹುಟ್ಟಿದ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ ಮಾತಾಡುತ್ತಾರೆ. ಊರಿನ ಸರ್ಕಾರಿ ಶಾಲೆ ಉಳಿದಿರುವುದು ಅವರಿಂದಲೇ. ಸುಗ್ಗಿ ಹಬ್ಬಕ್ಕೆ ಕಾರುಗಳು ಬರುತ್ತವೆ, ಎರಡು ದಿನ ಇದ್ದು ಹೋಗುತ್ತವೆ. ದೇವರ ಪಲ್ಲಕ್ಕಿಗೆ ಹೆಗಲು ಕೊಡೋಕೆ ಊರಿನ ಮನೆತನದವರು ಸಾಲುವುದಿಲ್ಲ. ಪಕ್ಕದಲ್ಲೇ ಇಪ್ಪತ್ತು ವರ್ಷದ ಹುಡುಗ ನಿಂತಿದ್ದಾನೆ. ಇದೇ ಊರಲ್ಲಿ ಹುಟ್ಟಿ ಬೆಳೆದವನು, ಅವನ ಅಪ್ಪ ಮಾತ್ರ ರೈಲು ಹತ್ತಿ ಬಂದವನು. ಅವನ ಹೆಗಲು ಆಗುತ್ತದಾ?

ಸಭೆಯಲ್ಲಿ ಈ ಪ್ರಶ್ನೆ ಎತ್ತಿ ನೋಡಿ. ಕಾಫಿ ಬೆಲೆ, ಆನೆ ಕಾಟ, ರಸ್ತೆ ಎಲ್ಲ ಬಿಟ್ಟು ಜನ ನೆಟ್ಟಗೆ ಕೂರುತ್ತಾರೆ. ಸಮಾಜ ಬದಲಾಗುವುದು ಅಂದರೆ ನಿಜವಾಗಿ ಇದು. ಯಾರು ಊರಿನವರು, ಯಾರು ಹೊರಗಿನವರು ಅನ್ನುವ ಗೆರೆ ಎಲ್ಲಿಗೆ ಬಂತು ಅನ್ನುವುದು. ಯಾವ ಅಂಕಿ-ಅಂಶದ ಪಟ್ಟಿಯಲ್ಲೂ ಅದು ಸಿಗುವುದಿಲ್ಲ, ಕಥೆ ಕಟ್ಟಿದರೆ ಮಾತ್ರ ಎದುರಿಗೆ ಬಂದು ನಿಲ್ಲುತ್ತದೆ.

ಕಥೆ ಕಟ್ಟಿ ಮನೆಗೆ ಹೋದರೆ ಅದು ನಾಟಕ ಅಷ್ಟೇ. ಮುಂದಿನ ಕೆಲಸ ಎರಡು. ನಾಲ್ಕೂ ಊರಿಗೆ ಉಪಯೋಗಕ್ಕೆ ಬರುವ ಕೆಲಸ ಯಾವುದು ಅಂತ ಹುಡುಕುವುದು ಮೊದಲನೆಯದು. ಲೈನ್ ಮನೆಗೆ ಒಳ್ಳೆಯ ಶೌಚಾಲಯ, ನೀರು ಇದ್ದರೆ ಕಾರ್ಮಿಕರು ಬರುವ ಎರಡು ಕಥೆಯಲ್ಲಿ ಅವರು ಉಳಿಯುತ್ತಾರೆ, ಬಾರದ ಕಥೆಯಲ್ಲಿ ಆ ಕಟ್ಟಡ ಬೇರೆ ಉಪಯೋಗಕ್ಕೆ ಬರುತ್ತದೆ. ಅಂಥದ್ದನ್ನು ಈಗಲೇ ಮಾಡಬಹುದು. ಕೋಟಿ ಸುರಿದು ಹದಿನೈದು ಕೋಣೆಯ ಹೋಂಸ್ಟೇ ಕಟ್ಟುವುದು ಒಂದೇ ಕಥೆಗೆ ಹೊಂದುತ್ತದೆ, ಅದಕ್ಕೆ ತಡೆಯಿರಿ. ಅರೇಬಿಕಾ, ರೋಬಸ್ಟಾ, ಮೆಣಸು, ಅಡಿಕೆ ಎಲ್ಲ ಸ್ವಲ್ಪಸ್ವಲ್ಪ ಇಟ್ಟುಕೊಂಡ ಬೆಳೆಗಾರ ಮಾಡುವುದು ಇದನ್ನೇ.

ಎರಡನೆಯದು, ಯಾವ ಕಥೆಯ ಕಡೆ ಊರು ವಾಲುತ್ತಿದೆ ಅಂತ ತಿಳಿಯಲು ಗುರುತು ಇಟ್ಟುಕೊಳ್ಳುವುದು. ವರ್ಷಕ್ಕೆ ಶಾಲೆಯಿಂದ ಹೋದ ಟಿಸಿ ಎಷ್ಟು, ಬಂದದ್ದೆಷ್ಟು. ಕೊಯ್ಲಿಗೆ ಕೆಜಿಗೆ ಎಷ್ಟು ಕೊಟ್ಟರು. ಕೊಯ್ಲು ಮುಗಿದ ಮೇಲೂ ಎಷ್ಟು ಕುಟುಂಬ ಲೈನಿನಲ್ಲಿ ಉಳಿಯಿತು. ಎಷ್ಟು ಮನೆಗೆ ವರ್ಷಪೂರ್ತಿ ಬೀಗ. ಒಂದು ನೋಟ್‌ಬುಕ್ಕಿನ ಒಂದು ಪುಟ ಸಾಕು.

ಇದರ ತೊಂದರೆಯನ್ನೂ ಹೇಳಬೇಕು. ಎರಡು ದಿನ ಪೂರ್ತಿ ಬೇಕು, ಮಾತು ನಡೆಸಿಕೊಡಲು ಒಬ್ಬ ಗಟ್ಟಿ ಮನುಷ್ಯ ಬೇಕು. ಕೂತವರು ನಾಲ್ಕರಲ್ಲಿ ತಮಗೆ ಇಷ್ಟವಾದ ಒಂದನ್ನು ಹಿಡಿದು "ಇದೇ ಆಗೋದು" ಅನ್ನೋಕೆ ಶುರುಮಾಡುತ್ತಾರೆ. ಹವಾಯಿ ವಿಶ್ವವಿದ್ಯಾಲಯದ ಜಿಮ್ ಡೇಟರ್ ಇದಕ್ಕೊಂದು ಉಪಾಯ ಕೊಟ್ಟಿದ್ದಾರೆ. ನಾಲ್ಕು ಕಥೆಯಲ್ಲಿ ಒಂದರಲ್ಲಿ ಬೆಳವಣಿಗೆ, ಒಂದರಲ್ಲಿ ಕುಸಿತ, ಒಂದರಲ್ಲಿ ಕಟ್ಟುಪಾಡು, ಒಂದರಲ್ಲಿ ಪೂರ್ತಿ ರೂಪಾಂತರ ಇರಲೇಬೇಕು. ಆಗ ಕುಸಿತದ ಕಥೆಯಿಂದ ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ಹಿಂದಕ್ಕೆ ನಡೆದು ಬರುವುದು: ನಮ್ಮ ಕೈಯಲ್ಲಿರುವುದಕ್ಕೆ

1976ರಲ್ಲಿ ಅಮೆರಿಕದ ಏಮೊರಿ ಲವಿನ್ಸ್ ವಿದ್ಯುತ್ತಿನ ವಿಷಯದಲ್ಲಿ ಹೀಗೆ ಯೋಚಿಸಿದರು. 1982ರಲ್ಲಿ ಕೆನಡಾದ ಜಾನ್ ರಾಬಿನ್ಸನ್ ಅದಕ್ಕೆ ಬ್ಯಾಕ್‌ಕಾಸ್ಟಿಂಗ್ ಅಂತ ಹೆಸರಿಟ್ಟರು. ಏನಾಗಬಹುದು ಅಂತ ಇಲ್ಲಿ ಕೇಳುವುದಿಲ್ಲ. ಏನಾಗಬೇಕು ಅಂತ ಮೊದಲು ಹೇಳಿ, ಅಲ್ಲಿಂದ ವರ್ಷ ವರ್ಷ ಹಿಂದಕ್ಕೆ ಬರುವುದು.

"2040ರಲ್ಲಿ ನಮ್ಮ ಪಂಚಾಯ್ತಿಯಲ್ಲಿ ಒಂಟಿಯಾಗಿರುವ ಯಾವ ವೃದ್ಧರೂ ಬಿಪಿ ಮಾತ್ರೆ ಇಲ್ಲದೆ ಮಳೆಗಾಲ ಕಳೆಯಬಾರದು." ಗುರಿ ಇಷ್ಟು ಖಚಿತವಾಗಿರಲಿ. ಹಾಗಾಗಬೇಕಾದರೆ 2035ರಲ್ಲಿ ಏನಿರಬೇಕು? ಮನೆಮನೆಗೆ ಹೋಗುವ ಒಬ್ಬರು, ಅವರಿಗೆ ಸಂಬಳ. 2030ರಲ್ಲಿ? ಯಾರು ಒಂಟಿ, ಯಾವ ಮಾತ್ರೆ ಅನ್ನುವ ಪಟ್ಟಿ, ಮಳೆಯಲ್ಲಿ ಕೊಚ್ಚಿಹೋಗದ ಕಾಲುಸಂಕ. ಮುಂದಿನ ವರ್ಷ? "ನಮ್ಮ ಗ್ರಾಮ ನಮ್ಮ ಯೋಜನೆ"ಯಲ್ಲಿ ಆ ಕಾಲುಸಂಕ ಸೇರಿಸುವುದು. ಇಲ್ಲಿಗೆ ಬಂದಾಗ ಪಿಡಿಒ ಕೈಗೆ ಕೊಡುವಂಥ ಒಂದು ಹಾಳೆ ತಯಾರಾಗಿರುತ್ತದೆ. ಬೇರೆ ಐದು ವಿಧಾನದಲ್ಲಿ ಇಷ್ಟು ನೇರವಾಗಿ ಕಚೇರಿಗೆ ಹೋಗುವ ಕಾಗದ ಹುಟ್ಟುವುದಿಲ್ಲ. ಪಂಚಾಯ್ತಿ ಸದಸ್ಯರಿಗೆ ಅದಕ್ಕೇ ನಾನು ಮೊದಲು ಹೇಳುವುದು ಇದನ್ನು.

ಜಪಾನಿನ ಯಹಾಬ ಪಟ್ಟಣದಲ್ಲಿ 2015ರಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಯೋಗ ನಡೆಯಿತು. ಜನರನ್ನು ಗುಂಪು ಮಾಡಿ, ಕೆಲವರಿಗೆ ನೀವು ಇವತ್ತಿನವರಲ್ಲ, 2060ರ ನಿವಾಸಿಗಳು, ಹಾಗೆಂದುಕೊಂಡು ಮಾತಾಡಿ ಅಂದರು. ಅವರ ಮಾತಿನ ದಿಕ್ಕೇ ಬೇರೆಯಾಯಿತು. ಇವತ್ತಿನವರು ಈಗಿನ ತಾಪತ್ರಯ ಹೇಳಿಕೊಂಡರೆ, 2060ರವರು ನಿಧಾನವಾಗಿ ಫಲ ಕೊಡುವ, ಖರ್ಚಿನ ಕೆಲಸಗಳನ್ನು ಕೇಳಿದರು. ನಮ್ಮ ಗ್ರಾಮಸಭೆಯಲ್ಲಿ ಎರಡು ಕುರ್ಚಿಯನ್ನು ಹೀಗೆ ಬಿಟ್ಟರೆ ತಪ್ಪೇನಿಲ್ಲ. ಹತ್ತನೇ ಕ್ಲಾಸಿನ ಮಕ್ಕಳನ್ನು ಕೂರಿಸಿ.

ನಮ್ಮ ಕೈ ಮೀರಿದ ವಿಷಯಕ್ಕೆ ಹಚ್ಚಿದರೆ ಇದು ಬರೀ ಕನಸಾಗುತ್ತದೆ. ಅಬ್ದುಲ್ ಕಲಾಂ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ದೇಶಕ್ಕೆ 2020ರ ತಂತ್ರಜ್ಞಾನ ಮುನ್ನೋಟ ತಯಾರಾಯಿತು. ನೂರಾರು ಜನ ಶ್ರದ್ಧೆಯಿಂದ ಮಾಡಿದ ಕೆಲಸ. ಆದರೆ ಈಗ 2020 ಅಂದರೆ ನಮಗೆಲ್ಲ ನೆನಪಾಗುವುದು ಮಾಸ್ಕು. ಅದಕ್ಕೇ ಗುರಿಯ ಹಾಳೆ ತಯಾರಾದ ಮೇಲೆ ಅದನ್ನು ನಾಲ್ಕು ಕಥೆಯ ಊರಲ್ಲೂ ಓಡಿಸಿ ನೋಡಬೇಕು. ಬೀಗದ ಊರಲ್ಲಿ ಆ ಮಾತ್ರೆ ಹಂಚುವವರು ಯಾರು?

ಸುತ್ತು ಬರೆಯುವುದು: ಒಂದು ಮಧ್ಯಾಹ್ನ ಸಾಕು

ಅಮೆರಿಕದ ಫ್ಯೂಚರಿಸ್ಟ್ ಜೆರೋಮ್ ಗ್ಲೆನ್ 1971ರಲ್ಲಿ ಮಾಡಿದ್ದು. ಚಾರ್ಟ್ ಪೇಪರಿನ ನಡುವೆ ಹೊಸದಾಗಿ ಬಂದ ಒಂದು ಬದಲಾವಣೆ ಬರೆಯಿರಿ. ಬಾಣ ಎಳೆದು ಸುತ್ತ ಅದರ ನೇರ ಪರಿಣಾಮ, ಅದರ ಸುತ್ತ ಪರಿಣಾಮದ ಪರಿಣಾಮ. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯನ್ನು ನಡುವೆ ಇಡಿ. ಹೆಂಗಸರಿಗೆ ಬಸ್ ಚಾರ್ಜಿಲ್ಲ. ಹಾಗಾದರೆ ಬೇಲೂರಿನ ಹಳ್ಳಿಯವಳು ಹಾಸನದಲ್ಲಿ ದಿನಗೆಲಸ ಹಿಡಿಯಬಹುದು. ಹಾಗಾದರೆ ತೋಟದ ಕೂಲಿ ಏರಬಹುದು. ಸಂಜೆ ಏಳಕ್ಕೆ ಮನೆ ಸೇರುವವಳ ಮನೆಯಲ್ಲಿ ಅಡುಗೆ ಯಾರದ್ದು? ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಅತ್ತೆ, ಗಂಡ, ಕೊನೆಯ ಬಸ್ಸಿನ ಟೈಮು ಎಲ್ಲ ಬಂದಿರುತ್ತದೆ. ಸ್ತ್ರೀಶಕ್ತಿ ಸಂಘಕ್ಕೆ ಶುರುಮಾಡಲು ಇದೇ ಸರಿ. ಇದರ ಕೊರತೆ ಅಂದರೆ, ಯಾವುದು ಆಗುತ್ತದೆ, ಯಾವುದು ಆಗಲ್ಲ ಅನ್ನುವ ತೂಕ ಇಲ್ಲ. ಎಲ್ಲ ಬಾಣವೂ ಒಂದೇ ದಪ್ಪ.

ಪದರ ಬಿಡಿಸುವುದು: ಕಷ್ಟದ್ದು, ಆದರೆ ಬೇರೆ ದಾರಿ ಇಲ್ಲದಾಗ

ಲಾಹೋರಿನಲ್ಲಿ ಹುಟ್ಟಿದ ಫ್ಯೂಚರಿಸ್ಟ್ ಸೊಹೈಲ್ ಇನಾಯತುಲ್ಲಾ 1998ರಲ್ಲಿ ಮುಂದಿಟ್ಟ ವಿಧಾನ. ಒಂದು ಸಮಸ್ಯೆಯನ್ನು ನಾಲ್ಕು ಪದರವಾಗಿ ನೋಡುವುದು. ಮೇಲ್ಪದರದಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಅದರ ಕೆಳಗೆ ಕಾರಣಗಳ ವ್ಯವಸ್ಥೆ. ಅದರ ಕೆಳಗೆ ನಂಬಿಕೆ. ತಳದಲ್ಲಿ ಯಾರೂ ಪ್ರಶ್ನೆ ಮಾಡದ ಹಳೆಯ ಕಥೆ.

ನಮ್ಮ ಕಡೆ ಈಗ ಎಲ್ಲರ ಬಾಯಲ್ಲಿರುವ ಮಾತು ಯಾವುದು? "ತೋಟ ಇದೆ, ಮನೆ ಇದೆ, ಹುಡುಗನಿಗೆ ಹೆಣ್ಣು ಸಿಗ್ತಿಲ್ಲ." ಬರೀ ಮಲೆನಾಡಿನದಲ್ಲ ಇದು. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಯುವಕರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಮೇಲ್ಪದರದಲ್ಲಿ ನಿಂತರೆ ಇದಕ್ಕೆ ಪರಿಹಾರ ವಧೂವರರ ಸಮಾವೇಶ. ಒಂದು ಪದರ ಇಳಿದರೆ ಬೇರೆ ಕಾಣುತ್ತದೆ. ಹೆಣ್ಣುಮಕ್ಕಳು ಡಿಗ್ರಿ ಓದಿದ್ದಾರೆ, ಓದಿಗೆ ತಕ್ಕ ಕೆಲಸ ತಾಲ್ಲೂಕಿನಲ್ಲಿ ಇಲ್ಲ, ಪಹಣಿಯಲ್ಲಿ ಸೊಸೆಯ ಹೆಸರು ಇರುವುದಿಲ್ಲ. ಇನ್ನೊಂದು ಪದರ ಕೆಳಗೆ, ಬೇಸಾಯ ಮಾಡುವವನು ಬೇರೇನೂ ಆಗದೆ ಉಳಿದವನು ಅನ್ನುವ ಭಾವನೆ. ಅದನ್ನು ನಾವೇ ಬಿತ್ತಿದ್ದು. "ಓದದಿದ್ದರೆ ತೋಟದಲ್ಲಿ ಗೇಯೋಕೆ ಹೋಗ್ತೀಯ" ಅಂತ ಮಕ್ಕಳನ್ನು ಬೈದವರು ನಾವೇ ತಾನೆ. ತಳದಲ್ಲಿರುವುದು "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಅನ್ನುವ ಗಾದೆ. ಹೆಣ್ಣು ಅಂದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಕೊಡುವ, ತರುವ ವಸ್ತು ಅನ್ನುವ ಲೆಕ್ಕ. ಆ ಲೆಕ್ಕ ಹಾಗೇ ಇದ್ದರೆ ಎಷ್ಟು ಸಮಾವೇಶ ಮಾಡಿದರೂ ಅಷ್ಟೇ. ಮಗಳಿಗೇ ತೋಟ ಬರೆದುಕೊಟ್ಟು ಅಳಿಯನನ್ನು ಊರಿಗೆ ಕರೆಯುವ ಮನೆಗಳು ಅಲ್ಲಲ್ಲಿ ಕಾಣುತ್ತಿವೆ. ಕೆಳಗಿನ ಪದರ ಅಲುಗಿದ ಗುರುತು ಅದು ಅಂತ ನನಗನ್ನಿಸುತ್ತದೆ.

ಈ ವಿಧಾನವನ್ನು ದೊಡ್ಡ ಸಭೆಯಲ್ಲಿ ಮಾಡಬೇಡಿ. ಮೂರನೇ ಪದರದ ಹೊತ್ತಿಗೆ ಯಾರಿಗಾದರೂ ಚುಚ್ಚುತ್ತದೆ, ಜಾತಿಯ ಮಾತು ಬರುತ್ತದೆ, ಯಾರೋ ಎದ್ದು ಹೋಗುತ್ತಾರೆ. ಎಂಟು ಹತ್ತು ಜನ, ಅದರಲ್ಲಿ ಅರ್ಧ ಹೆಂಗಸರು, ಹೊರಗೆ ಯಾರ ಮಾತೂ ಹೋಗಬಾರದು ಅನ್ನುವ ಕರಾರು. ಗಂಡಸರೇ ಕೂತು ಹೆಣ್ಣು ಯಾಕೆ ಸಿಗ್ತಿಲ್ಲ ಅಂತ ಪದರ ಬಿಡಿಸಿದರೆ ಮೇಲಿನ ಪದರ ದಾಟುವುದೇ ಇಲ್ಲ.

ಹಾಗಾದರೆ ಯಾರು ಯಾವುದನ್ನು ಹಿಡಿಯಬೇಕು?

ಎಸ್‌ಡಿಎಂಸಿಯವರು ಅಂಗನವಾಡಿ ರಿಜಿಸ್ಟರ್ ಹಿಡಿದು ಗೆರೆ ಎಳೆದರೆ ಸಾಕು, ಬೇರೆ ಏನೂ ಬೇಡ. ಬೆಳೆಗಾರರ ಸಂಘಕ್ಕೆ ನಾಲ್ಕು ಕಥೆ. ಬೆಲೆ, ಮಳೆ, ಕಾರ್ಮಿಕರು ಯಾವುದೂ ಅವರ ಕೈಯಲ್ಲಿಲ್ಲ, ಎರಡು ದಿನ ಕೂರುವಷ್ಟು ಅನುಕೂಲ ಅವರಿಗಿದೆ. ಕಥೆ ಕಟ್ಟುವ ಮೊದಲು ಕಾರ್ಮಿಕರ ವಿಷಯಕ್ಕೆ ಒಂದು ಡೆಲ್ಫಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಪಂಚಾಯ್ತಿಗೆ ಹಿಂದಕ್ಕೆ ನಡೆಯುವುದು. ಸಂಘದ ಹೆಂಗಸರಿಗೆ ಸುತ್ತು, ಆಮೇಲೆ ಧೈರ್ಯವಿದ್ದರೆ ಪದರ. ಒಂದು ಕುಟುಂಬ ತೋಟ ಮಾರುವುದಾ, ಇಟ್ಟುಕೊಳ್ಳುವುದಾ ಅಂತ ತೀರ್ಮಾನ ಮಾಡುವುದಿದ್ದರೆ ನಾಲ್ಕು ಕಥೆಯನ್ನೇ ಸಣ್ಣದಾಗಿ ಮಾಡಬಹುದು. ಬೆಂಗಳೂರಿನಲ್ಲಿರುವ ಮಗಳನ್ನು ವಿಡಿಯೋ ಕಾಲಿನಲ್ಲಿ ಕೂರಿಸಿಕೊಂಡು ಮಾಡಿ, ಇಲ್ಲದಿದ್ದರೆ ಮಾಡಲೇಬೇಡಿ.

ಒಂದೇ ವಿಧಾನಕ್ಕೆ ಸಮಯ ಇದೆ, ಯಾವುದೂ ಗೊತ್ತಾಗುತ್ತಿಲ್ಲ ಅಂದರೆ ಸುತ್ತಿನಿಂದ ಶುರುಮಾಡಿ. ಪೇಪರ್ ಹಾಳಾದರೂ ಇಪ್ಪತ್ತು ರೂಪಾಯಿ.

ಯಾವಾಗ ಮಾಡುವುದು ಅನ್ನುವುದೂ ಮುಖ್ಯ. ನವೆಂಬರಿನಿಂದ ಫೆಬ್ರವರಿವರೆಗೆ ಕೊಯ್ಲು, ಕಣ, ಯಾರನ್ನೂ ಕರೆಯುವ ಹಾಗಿಲ್ಲ. ಅದು ಮುಗಿದ ಕೂಡಲೇ ಹೂವಿನ ಮಳೆ ಬರಲಿಲ್ಲ ಅಂತ ಎಲ್ಲರೂ ಸ್ಪ್ರಿಂಕ್ಲರ್ ಹಿಂದೆ ಓಡುತ್ತಿರುತ್ತಾರೆ. ಏಪ್ರಿಲ್, ಮೇ ಪೂರ್ತಿ ಮದುವೆ. ಆಷಾಢ ಒಳ್ಳೆಯದು. ಮದುವೆ ಇರುವುದಿಲ್ಲ, ಮಳೆಗೆ ತೋಟದ ಕೆಲಸವೂ ಕಡಿಮೆ. ಕರೆಂಟ್ ಇರುತ್ತದೆ ಅಂತ ನಂಬಬೇಡಿ, ಪ್ರೊಜೆಕ್ಟರ್ ತರಬೇಡಿ. ಚಾರ್ಟ್ ಪೇಪರ್, ಮಾರ್ಕರ್ ಪೆನ್, ಬಿಸಿ ಕಾಫಿ ಸಾಕು. ಲೈನ್ ಮನೆಯವರಿಗೆ ಆ ದಿನದ ಕೂಲಿಯನ್ನು ಮೊದಲೇ ಕೊಟ್ಟು ಕರೆಯಿರಿ, ಇಲ್ಲವಾದರೆ ಅವರು ಬರುವುದಿಲ್ಲ. ಬರೆದ ಚಾರ್ಟುಗಳನ್ನು ಪಂಚಾಯ್ತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ಇಡಿ, ಟಿಸಿ ಮತ್ತು ಬೀಗದ ಮನೆಗಳ ಆ ಒಂದು ಪುಟದ ನೋಟ್‌ಬುಕ್ಕನ್ನು ಅಲ್ಲಿನ ಮೇಲ್ವಿಚಾರಕರ ಕೈಗೆ ಕೊಡಿ. ಮುಂದಿನ ಆಷಾಢಕ್ಕೆ ಸೇರಿದಾಗ ಮೊದಲು ಓದಬೇಕಾದ್ದು ಅದನ್ನೇ.